ಇಪ್ಪತ್ತೇಳನೇ ಬಸ್ಸಿನ ಸೀಮೆಸುಣ್ಣ

"ಒರೆಸಬೇಡಯ್ಯಾ! ಅಲ್ಲೇ ನಿಲ್ಲಿಸು!"

ನಾನು ಕೂಗಿದ ರಭಸಕ್ಕೆ ಬಸ್ ತೊಳೆಯುವವನ ಕೈಯಿಂದ ಒದ್ದೆ ಬಟ್ಟೆ ಜಾರಿ ಬಕೆಟ್ಟಿಗೆ ಬಿತ್ತು. ಅವನು ಇಪ್ಪತ್ತೇಳನೇ ನಂಬರಿನ ಎಲೆಕ್ಟ್ರಿಕ್ ಬಸ್ಸಿನ ಹಿಂದಿನ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ.

"ಮ್ಯಾನೇಜರ್ ಸಾಹೇಬ್ರೇ ಹೇಳಿದ್ದು ಸಾರ್. ನಾಳೆ ದೊಡ್ಡೋರು ಬರ್ತಾರೆ, ಈ ಬಸ್ಸು ಫಳಫಳ ಅನ್ನಬೇಕು ಅಂದ್ರು."

"ಉಳಿದ ಬಸ್ಸುಗಳು?"

"ಅವುಗಳ ಬಗ್ಗೆ ಏನೂ ಹೇಳ್ಲಿಲ್ಲ."

ಅಷ್ಟು ಸಾಕಿತ್ತು. ಟೀ ಕುಡಿದು ಬಾ ಎಂದು ಅವನನ್ನು ಸಾಗಹಾಕಿ, ಬಸ್ಸಿನ ಮೈ ಹಿಡಿದುಕೊಂಡು ಮೆಲ್ಲಗೆ ಕೂತೆ. ಮಂಡಿಗಳು ಕಟಕಟ ಎಂದವು. ಮೂವತ್ತೈದು ವರ್ಷ ಕಂಡಕಂಡ ಬಸ್ಸು ಹತ್ತಿಳಿದು ಟಿಕೆಟ್ ಕೊಟ್ಟು, ತಪಾಸಣೆ ಮಾಡಿದ ಮಂಡಿಗಳು. ಇನ್ನೆರಡು ತಿಂಗಳಿಗೆ ಅವಕ್ಕೂ ನನಗೂ ನಿವೃತ್ತಿ. ಕಾಲು ಚಾಚಿ ಕೂರಬೇಕಾದ ಹೊತ್ತಿನಲ್ಲಿ ನನ್ನ ಕೊರಳಿಗೆ ಒಂದು ಸಾವಿನ ವಿಚಾರಣೆ ಕಟ್ಟಿದ್ದರು.

ಮಂಗಳವಾರ ಬೆಳಿಗ್ಗೆ ಡಿಪೋದ ಟೈರ್ ಮೇಸ್ತ್ರಿ ಇದೇ ಬಸ್ಸಿನ ಹಿಂದೆ ಸತ್ತು ಬಿದ್ದಿದ್ದ. ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಅವನ ಮೇಲೆ ಹತ್ತಿಸಿದಳೆಂದು ಡ್ರೈವರಮ್ಮನನ್ನು ಅಮಾನತು ಮಾಡಿದ್ದರು. ನಾಳೆ ಹತ್ತು ಗಂಟೆಗೆ ನಾನು ವರದಿ ಕೊಡಬೇಕು. 'ಡ್ರೈವರಳ ಅಜಾಗರೂಕತೆ' ಎಂದು ಬರೆದರೆ ಎರಡು ಮಕ್ಕಳ ತಾಯಿಯೊಬ್ಬಳು ಕೆಲಸವನ್ನೂ ಕಳೆದುಕೊಂಡು ಪೊಲೀಸರ ಜೀಪನ್ನೂ ಹತ್ತುತ್ತಾಳೆ.

ಪೇಪರಿನವರಂತೂ ತೀರ್ಪು ಕೊಟ್ಟಾಗಿತ್ತು. ಕರೆಂಟ್ ಬಸ್ಸಿಗೆ ಸದ್ದಿಲ್ಲ, ಹಿಂದೆ ಬಂದದ್ದು ಮೇಸ್ತ್ರಿಗೆ ಕೇಳಿಸಲಿಲ್ಲ, ಪಾಪ! ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಮೇಸ್ತ್ರಿಯ ಹೆಂಡತಿ ಮಾತ್ರ ನಿನ್ನೆ ನನ್ನ ಮುಖಕ್ಕೇ ಹೇಳಿದ್ದರು: "ಮೂವತ್ತು ವರ್ಷ ಬಸ್ಸಿನ ಅಡಿಯಲ್ಲೇ ಬಾಳಿದ ಮನುಷ್ಯ ಕಣಪ್ಪಾ. ಬಸ್ಸು ಉಸಿರಾಡಿದ್ರೂ ಅವರಿಗೆ ಗೊತ್ತಾಗ್ತಿತ್ತು."

ಕನ್ನಡಕ ಏರಿಸಿಕೊಂಡು ಚಕ್ರವನ್ನು ನೋಡಿದೆ.

ಟೈರಿನ ಪಕ್ಕೆಯ ಮೇಲೆ ಸೀಮೆಸುಣ್ಣದ ಬರಹವಿತ್ತು. ಮೇಲೆ ಟೈರಿನ ನಂಬರು, ಕೆಳಗೆ ತಾರೀಖು, ಕೊನೆಗೊಂದು ಸುತ್ತು, ಸುತ್ತಿನೊಳಗೆ ಚುಕ್ಕಿ. ಅದು ಮೇಸ್ತ್ರಿಯ ರುಜು. ಹೊಸ ಟೈರ್ ಹಾಕಿದ ದಿನ ಹೀಗೆ ಬರೆಯುವುದು ಅವನ ಚಟ. "ಗೇಟು ದಾಟೋದ್ರೊಳಗೆ ಅಳಿಸಿಹೋಗೋದನ್ನ ಯಾಕೆ ಬರೀತೀಯೋ ಮಾರಾಯ" ಎಂದು ನಾವು ರೇಗಿಸಿದರೆ, "ಹೆಸರಿಡದೆ ಕೂಸನ್ನ ಬೀದಿಗೆ ಬಿಡ್ತಾರಾ?" ಎನ್ನುತ್ತಿದ್ದ.

ಒಂದು ಮಳೆ ಸಾಕು, ಒಂದು ಕೆಸರಿನ ಹೊಂಡ ಸಾಕು, ಆ ಬರಹ ಮಾಯ. ಆದರೆ ಇದು ಈಗ ತಾನೇ ಬರೆದ ಹಾಗಿತ್ತು.

ತಾರೀಖು: ಮಾರ್ಚ್ ಹನ್ನೊಂದು.

ಇವತ್ತು ಸೆಪ್ಟೆಂಬರ್ ಹದಿನೆಂಟು.

ಅಯ್ಯೋ ದೇವರೇ, ಎಂದುಕೊಂಡೆ. ಟೈರಿನ ಮೇಲೆ ಕೈಯಾಡಿಸಿದೆ. ಹೊಸ ಟೈರಿನ ಮೈಮೇಲೆ ಕೂದಲಿನಂಥ ಸಣ್ಣ ರಬ್ಬರ್ ಎಳೆಗಳಿರುತ್ತವೆ; ರಸ್ತೆಗೆ ಇಳಿದ ವಾರದೊಳಗೆ ಸವೆದುಹೋಗುತ್ತವೆ. ಅವು ಒಂದೂ ಬಿಡದೆ ಇದ್ದವು. ಚಕ್ರಕ್ಕೂ ಮೇಲಿನ ತಗಡಿಗೂ ನಡುವೆ ಜೇಡವೊಂದು ಮೂರು ತಲೆಮಾರಿನ ಸಂಸಾರ ಹೂಡಿತ್ತು. ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಕಲ್ಲನ್ನು ಕದಲಿಸಿದರೆ ಅಡಿಯಲ್ಲಿ ಬಿಳಿಚಿಕೊಂಡ ನೆಲ, ಅದರ ಮೇಲೆ ಇರುವೆಗಳ ದಂಡು.

ಎದ್ದು ಬಾಗಿಲ ಗುಂಡಿ ಒತ್ತಿದೆ. ಪಿಟ್ ಎನ್ನಲಿಲ್ಲ. ಭುಜ ಕೊಟ್ಟು ತಳ್ಳಿ ಒಳಹೊಕ್ಕೆ. ಬ್ರೇಕಿನ ಗಾಳಿಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯಲ್ಲಿತ್ತು. ಇದು ಡಿಪೋದ ಕಸ ಗುಡಿಸುವವರಿಗೂ ಗೊತ್ತಿರುವ ಮಾತು: ದೊಡ್ಡ ಬಸ್ಸಿನಲ್ಲಿ ಗಾಳಿ ಖಾಲಿಯಾದರೆ ಬ್ರೇಕ್ ತಾನಾಗಿಯೇ ಕಚ್ಚಿಕೊಳ್ಳುತ್ತದೆ. ಆಮೇಲೆ ಆನೆ ಕಟ್ಟಿ ಎಳೆದರೂ ಅದು ಜಪ್ಪಯ್ಯ ಅನ್ನುವುದಿಲ್ಲ.

ಸ್ಟೇರಿಂಗಿನ ಪಕ್ಕದಲ್ಲಿ, ಬಸ್ಸು ಎಲ್ಲಿದೆ ಎಂದು ಹೆಡ್ಡಾಫೀಸಿಗೆ ಹೇಳುವ ಜಿಪಿಎಸ್ ಡಬ್ಬಿ ಇರಬೇಕಾದ ಜಾಗ ಖಾಲಿ. ನಾಲ್ಕು ವೈರುಗಳ ತುದಿಗೆ ನೀಟಾಗಿ ಟೇಪ್ ಸುತ್ತಿದ್ದರು. ಕಳ್ಳರು ಟೇಪ್ ಸುತ್ತಿ ಹೋಗುವುದಿಲ್ಲ.

ನನ್ನ ಚೀಲದಲ್ಲಿದ್ದ ಕಾಗದಗಳನ್ನು ತೆಗೆದು ನೋಡಿದೆ. ಅವುಗಳ ಪ್ರಕಾರ ಇಪ್ಪತ್ತೇಳನೇ ಬಸ್ಸು ಮಾರ್ಚಿನಿಂದ ಈಚೆಗೆ ಮೂವತ್ತೊಂದು ಸಾವಿರ ಕಿಲೋಮೀಟರ್ ಓಡಿತ್ತು. ಒಂದೇ ಒಂದು ದಿನ ರಜೆ ಹಾಕಿರಲಿಲ್ಲ.

ಜೇಡವನ್ನೂ ಕೂರಿಸಿಕೊಂಡು!

* * *

ಡೀಸೆಲ್ ಪಂಪಿನ ಪಕ್ಕದ ಮುರುಕು ಸೀಟಿನಲ್ಲಿ ಪಂಪಣ್ಣ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಂಪ್ ನೋಡಿಕೊಳ್ಳುವ ಅವನ ನಿಜವಾದ ಹೆಸರು ಸಂಬಳದ ಪಟ್ಟಿ ಬರೆಯುವವರಿಗೆ ಬಿಟ್ಟು ಬೇರೆಯವರಿಗೆ ಗೊತ್ತಿಲ್ಲ.

"ಬನ್ನಿ ಚೆಕಿಂಗ್ ಸಾಹೇಬ್ರೇ. ಕೂತ್ಕೊಳ್ಳಿ. ಈ ಸೀಟಿಗೆ ಟಿಕೆಟ್ ಬೇಡ."

"ಹೇಗಿದೆಯಪ್ಪಾ ಕೆಲಸ? ಅರ್ಧಕ್ಕರ್ಧ ಬಸ್ಸು ಕರೆಂಟಿಗೆ ಹೋದ್ವು. ನಿನಗಿನ್ನು ನೊಣ ಹೊಡೆಯೋದೇ ಅಲ್ವಾ?"

"ಹಾಗಂತಲೇ ಮೂವತ್ತೆಂಟು ಜನ ಮೆಕ್ಯಾನಿಕ್ಕುಗಳನ್ನ ಮನೆಗೆ ಕಳಿಸಿದ್ರು. ಡೀಸೆಲ್ ಇಂಜಿನ್ ಬಿಚ್ಚೋರು ಇನ್ನು ಯಾಕೆ ಅಂತ. ನನ್ನ ಭಾವಮೈದುನಾನೂ ಹೋದ. ಈಗ ಮಿಕ್ಸಿ ರಿಪೇರಿ ಮಾಡ್ತಾನೆ, ಅದೂ ಸುಟ್ಟುಹಾಕ್ತಾನೆ." ನಕ್ಕ. ಆಮೇಲೆ ನಗು ನಿಲ್ಲಿಸಿದ. "ಆದ್ರೆ ಒಂದು ವಿಚಿತ್ರ ನೋಡಿ. ಮೊದಲು ವಾರಕ್ಕೆ ಟ್ಯಾಂಕರ್ ನಾಲ್ಕು ಸಲ ಬರೋದು. ಮಧ್ಯೆ ಎರಡಕ್ಕೆ ಇಳೀತು. ಈಗ ಮತ್ತೆ ಮೂರು."

"ಯಾವಾಗಿನಿಂದ?"

"ಮಾರ್ಚು, ಏಪ್ರಿಲ್ಲು. ನಾನು ಕೇಳ್ದೆ ಮ್ಯಾನೇಜರ್ರನ್ನ. ಹಳೇ ಬಸ್ಸು, ಜಾಸ್ತಿ ಕುಡಿಯುತ್ತೆ ಅಂದ್ರು. ಸರಿ, ವಯಸ್ಸಾದ ಮೇಲೆ ಕುಡಿತ ಜಾಸ್ತಿ ಆಗೋರೂ ಇದಾರೆ ಅಂತ ಸುಮ್ಮನಾದೆ."

ಅವನು ಎದ್ದು ಸುತ್ತ ನೋಡಿ, ಮೆಕ್ಯಾನಿಕ್ಕುಗಳ ಹಳೆಯ ಶೆಡ್ಡಿನ ಕಡೆ ಗದ್ದ ತೋರಿಸಿದ. "ಅದರೊಳಗೆ ಇಣುಕಿ ಬನ್ನಿ. ದೂರದಿಂದ ಇಣುಕಿ, ಒಳಗೆ ಹೋಗಬೇಡಿ."

ಮುರಿದ ಕಿಟಕಿಯಿಂದ ಇಣುಕಿದೆ. ಬಸ್ಸಿನಿಂದ ಕಳಚಿದ ಬ್ಯಾಟರಿಗಳನ್ನು ಗೋಡೆಯಿಂದ ಗೋಡೆಗೆ ಪೇರಿಸಿದ್ದರು. ಒಂದೊಂದೂ ಟ್ರಂಕಿನಷ್ಟು ದೊಡ್ಡದು. ಕೆಲವು ಹೊಟ್ಟೆ ಉಬ್ಬಿ ತಗಡು ಬಿರಿದಿದ್ದವು. ಹುಳಿ ಹುಳಿಯಾದ ವಾಸನೆ ಮೂಗಿಗೆ ಅಡರಿತು. ನೆಲದ ಮೇಲೆ ಏನೋ ಜಿನುಗಿ, ಬಾಗಿಲ ಸಂದಿನಿಂದ ಚರಂಡಿಯ ಕಡೆಗೆ ಹರಿದು ಒಣಗಿತ್ತು.

"ಇವನ್ನ ಯಾರೂ ಒಯ್ಯಲ್ವಾ?"

"ಒಯ್ಯೋನು ದುಡ್ಡು ಕೊಡ್ತೀನಿ ಅನ್ನಲ್ಲ, ಕೊಡಿ ಅಂತಾನೆ. ಯಾರು ಕೊಡ್ತಾರೆ? ಬರೋವಾಗ ಹಾರ ಹಾಕ್ಕೊಂಡು ಬಂದ್ವು, ಹೋಗೋವಾಗ ಹೊರೋರಿಲ್ಲ."

ಎಷ್ಟು ಬಸ್ಸಿನ ಬ್ಯಾಟರಿ ಇರಬಹುದು ಎಂದು ಕೇಳಿದೆ. ಪಂಪಣ್ಣ ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಿದ. ಆಮೇಲೆ ಇನ್ನೊಂದು ಬೆರಳು.

* * *

ಮ್ಯಾನೇಜರನ ಕೋಣೆ ಮೇಲಿನ ಮಹಡಿಯಲ್ಲಿ. ಇಪ್ಪತ್ತೆರಡು ಮೆಟ್ಟಿಲು. ಹತ್ತುವಾಗ ಪ್ರತಿಯೊಂದಕ್ಕೂ ಒಂದೊಂದು ಬೈಗುಳ ಖರ್ಚು ಮಾಡಿದೆ.

ಅವನೂ ನಾನೂ ಒಂದೇ ದಿನ ಕಂಡಕ್ಟರ್ ಕೆಲಸಕ್ಕೆ ಸೇರಿದವರು. ಒಂದೇ ಬಾಡಿಗೆ ಕೋಣೆ, ಇಬ್ಬರಿಗೂ ಸೇರಿ ಒಂದೇ ಒಳ್ಳೆಯ ಪ್ಯಾಂಟು. ಅವನು ಪರೀಕ್ಷೆ ಕಟ್ಟಿ ಮೇಲೆ ಹೋದ, ನಾನು ಇನ್‌ಸ್ಪೆಕ್ಟರ್ ಆಗಿ ರಸ್ತೆಯಲ್ಲೇ ಉಳಿದೆ. ಜನರ ಮುಂದೆ ಅವನಿಗೆ 'ಸಾರ್' ಎನ್ನುತ್ತೇನೆ. ಬಾಗಿಲು ಹಾಕಿದ ಮೇಲೆ ಇಲ್ಲ.

ಬಾಗಿಲು ಹಾಕಿದೆ.

"ಇಪ್ಪತ್ತೇಳು ಕೊನೇ ಸಲ ಓಡಿದ್ದು ಯಾವಾಗ?"

"ಮಂಗಳವಾರ. ಯಾಕೆ, ನಿನಗೆ ಗೊತ್ತಿಲ್ವಾ?" ಅವನು ಫೈಲಿನಿಂದ ತಲೆ ಎತ್ತಲಿಲ್ಲ.

"ನನ್ನ ಹತ್ರ ಈ ಆಟ ಬೇಡ ಕಣೋ."

ಫೋನಿನಲ್ಲಿ ತೆಗೆದಿದ್ದ ಚಿತ್ರಗಳನ್ನು ಅವನ ಮುಂದಿಟ್ಟೆ. ಸೀಮೆಸುಣ್ಣ, ರಬ್ಬರ್ ಎಳೆ, ಜೇಡ, ವೈರಿನ ತುದಿ. ಅವನು ಒಂದೊಂದನ್ನೇ ನೋಡಿದ. ಮೇಸ್ತ್ರಿಯ ರುಜು ಬಂದಾಗ ಮಾತ್ರ ಮುಖ ಪಕ್ಕಕ್ಕೆ ತಿರುಗಿಸಿದ.

"ಎಷ್ಟು ಬಸ್ಸು?" ಎಂದೆ.

"ಹನ್ನೊಂದು."

"ಹೇಳು."

ಅವನು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡ. ಅವನೂ ಎಷ್ಟು ದಣಿದಿದ್ದಾನೆ ಎಂದು ಆಗ ಕಂಡಿತು.

"ಬ್ಯಾಟರಿ ಎಂಟು ವರ್ಷ ಬಾಳುತ್ತೆ ಅಂದಿದ್ರು. ಮೂರನೇ ಬೇಸಿಗೆಗೇ ಹನ್ನೊಂದು ಮಲಗಿದ್ವು. ಹೊಸ ಬ್ಯಾಟರಿಗೆ ಅರ್ಧ ಬಸ್ಸಿನ ಬೆಲೆ. ನಿಮ್ಮ ಚಾರ್ಜಿಂಗ್ ಸರಿಯಿಲ್ಲ ಅಂತ ಕಂಪನಿಯೋರು, ನಿಮ್ಮ ಬ್ಯಾಟರಿ ಸರಿಯಿಲ್ಲ ಅಂತ ನಾವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಜನ ಸ್ಟಾಪಿನಲ್ಲಿ ನಿಂತಿರ್ತಾರಲ್ಲ, ಅವರಿಗೆ ಬಸ್ಸು ಬೇಕಲ್ಲ?"

"ಅದಕ್ಕೆ ಗುಜರಿಗೆ ಹೋಗಬೇಕಾಗಿದ್ದ ಡೀಸೆಲ್ ಬಸ್ಸು ಇಳಿಸಿದ್ರಿ."

"ಇಳಿಸಿದ್ವಿ."

"ಇಳಿಸಿದ್ರಲ್ಲಿ ತಪ್ಪೇನಿಲ್ಲ. ಡೀಸೆಲ್ ಬಸ್ಸು ಓಡ್ತಿದೆ ಅಂತ ಬರೆದಿದ್ರೆ ಆಗ್ತಿತ್ತು. ಜಿಪಿಎಸ್ ಡಬ್ಬಿ ಯಾಕೆ ಬಿಚ್ಚಿ ಅದಕ್ಕೆ ಕಟ್ಟಿದ್ರಿ? ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ?"

"ಹೊಗೆಯಿಲ್ಲದೆ ಇಷ್ಟು ಕಿಲೋಮೀಟರ್ ಓಡಿಸಿದ್ವಿ ಅಂತ ತೋರಿಸಿದ್ರೆ ಮಾತ್ರ ಮುಂದಿನ ನೂರು ಬಸ್ಸಿಗೆ ಸಾಲ ಸಿಗೋದು. ಕಡಿಮೆ ಆದ್ರೆ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರೆ. ಮೇಲಿನಿಂದ ಮಾತು ಬಂತು, ನಾನು ಮಾಡಿದೆ."

"ಮೇಲೆ ಅಂದ್ರೆ?"

"ಮೇಲೆ ಅಂದ್ರೆ ಮೇಲೆ." ಅವನು ಕಿಟಕಿಯ ಕಡೆ ಕೈ ತೋರಿಸಿದ. ಡಿಪೋದ ಗೋಡೆಯಾಚೆ ಶಾಲೆಯ ಅಂಗಳದಲ್ಲಿ ಮಕ್ಕಳು ಚೆಂಡಾಡುತ್ತಿದ್ದರು. "ನನ್ನ ಮೊಮ್ಮಗಳು ಅಲ್ಲೇ ಓದೋದು. ಮೂರು ವರ್ಷದ ಹಿಂದೆ ಆಸ್ಪತ್ರೆ, ಮನೆ, ಆಸ್ಪತ್ರೆ, ಮನೆ. ಈಗ ಕೆಮ್ಮು ನಿಂತಿದೆ. ಯಾಕೆ ಗೊತ್ತಾ? ಉಳಿದ ನಲವತ್ತು ಕರೆಂಟ್ ಬಸ್ಸು ನಿಜವಾಗ್ಲೂ ಓಡ್ತಿವೆ. ಚೆನ್ನಾಗಿ ಓಡ್ತಿವೆ. ಈ ಹನ್ನೊಂದರ ಸುದ್ದಿ ಹೊರಗೆ ಬಿದ್ರೆ ಆ ನಲವತ್ತಕ್ಕೂ ಬೀಗ ಹಾಕ್ತಾರೆ. ನೋಡಿ, ಹೇಳಿರಲಿಲ್ವಾ, ಈ ಬಸ್ಸೇ ಮೋಸ ಅಂತ ಕುಣೀತಾರೆ. ಮತ್ತೆ ಹೊಗೆ, ಮತ್ತೆ ಆಸ್ಪತ್ರೆ."

ಅಲ್ಲಿ ಕೂತು ನಾನು ಯೋಚಿಸಿದ್ದು ಒಂದೇ: ಒಳ್ಳೆಯ ಕೆಲಸಕ್ಕೆ ಸುಳ್ಳಿನ ಊರುಗೋಲು ಕೊಟ್ಟರೆ, ಊರುಗೋಲು ಮುರಿದ ದಿನ ಎರಡೂ ಬೀಳುತ್ತವೆ.

"ಮೇಸ್ತ್ರಿಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಟೈರಿನವನಿಗೆ ಗೊತ್ತಾಗದೆ ಇರುತ್ತಾ? ಒಂದು ಕಡೆ ಸವೆಯದೇ ಇರೋ ಟೈರು, ಇನ್ನೊಂದು ಕಡೆ ಎರಡರಷ್ಟು ಸವೆದ ಟೈರು. ಸೋಮವಾರ ಇದೇ ಕುರ್ಚೀಲಿ ಕೂತು ಹೇಳ್ದ. ಬುಧವಾರ ಹೆಡ್ಡಾಫೀಸಿಗೆ ಹೋಗಿ ಎಲ್ಲಾ ಬರೆದು ಕೊಡ್ತೀನಿ ಅಂತ. ನಾನು ಅವತ್ತೇ ಮೇಲಿನೋರಿಗೆ ಫೋನ್ ಮಾಡಿ ತಿಳಿಸಿದೆ."

"ಮಂಗಳವಾರ ಸತ್ತ."

"ನಾನಲ್ಲ!" ಅವನು ಮೇಜು ಗುದ್ದಿದ. ಪೆನ್ನು ಉರುಳಿ ನೆಲಕ್ಕೆ ಬಿತ್ತು. "ನನ್ನ ಮೊಮ್ಮಗಳ ಮೇಲಾಣೆ, ನಾನಲ್ಲ. ಅವತ್ತು ನಾನು ಬಂದಿದ್ದು ಏಳು ಗಂಟೆಗೆ. ಅಷ್ಟೊತ್ತಿಗೆ ಅವನನ್ನ ಇಪ್ಪತ್ತೇಳರ ಹಿಂದೆ ಮಲಗಿಸಿದ್ರು. ಸುತ್ತ ನೀರು ಹಾಕಿ ತೊಳೆದಿದ್ರು. ಬೇರೆ ಕಡೆಯಿಂದ ಎತ್ತಿಕೊಂಡು ಬಂದಿದಾರೆ ಅಂತ ನನಗೂ ಅನ್ನಿಸ್ತು. ಅನ್ನಿಸಿದ್ದನ್ನ ನುಂಗಿಕೊಂಡೆ. ಅಷ್ಟು ತಪ್ಪು ನನ್ನದು."

ಅವನು ಸುಳ್ಳು ಹೇಳುವಾಗ ಎಡಗಿವಿ ಕೆರೆದುಕೊಳ್ಳುತ್ತಾನೆ. ಇಸ್ಪೀಟಿನಲ್ಲಿ ಅವನನ್ನು ನಾನು ಗೆಲ್ಲುತ್ತಿದ್ದದ್ದೇ ಹಾಗೆ. ಕಿವಿಯ ಹತ್ತಿರ ಕೈ ಹೋಗಲಿಲ್ಲ.

"ಸರಿ. ಇಪ್ಪತ್ತೇಳು ಆರು ತಿಂಗಳಿಂದ ಕದಲಿಲ್ಲ, ಅದು ಯಾರನ್ನೂ ಕೊಲ್ಲೋಕೆ ಸಾಧ್ಯವಿಲ್ಲ, ಡ್ರೈವರಮ್ಮನ ಮೇಲಿನ ಆರೋಪ ಸುಳ್ಳು. ನಾಳೆ ಹೀಗಂತ ಬರೀತೀನಿ," ಎಂದು ಎದ್ದೆ.

"ಕೂತ್ಕೋ," ಎಂದ. ದನಿಯಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು.

ಮೇಜಿನ ಖಾನೆ ಎಳೆದು ಒಂದು ಕಟ್ಟು ತೆಗೆದ. ಹಳದಿ ಕಾಗದಗಳು. ದಾರಿಯಲ್ಲಿ ಬಸ್ ತಪಾಸಣೆ ಮಾಡಿದ ಇನ್‌ಸ್ಪೆಕ್ಟರ್ ಸಹಿ ಹಾಕುವ ಕಾಗದಗಳು. ಒಂದೊಂದಾಗಿ ನನ್ನ ಮುಂದೆ ಹರವಿದ. ಏಪ್ರಿಲ್, ಮೇ, ಜೂನ್. ಒಟ್ಟು ಹದಿನಾಲ್ಕು. ಎಲ್ಲದರಲ್ಲೂ ಬಸ್ ನಂಬರ್ ಇಪ್ಪತ್ತೇಳು. ಎಲ್ಲದರ ಕೆಳಗೂ ನನ್ನ ಸಹಿ.

'ಮೇಲ್ಕಂಡ ಬಸ್ಸನ್ನು ಖುದ್ದಾಗಿ ಹತ್ತಿ ತಪಾಸಣೆ ಮಾಡಿದ್ದೇನೆ.'

ಖುದ್ದಾಗಿ! ನಾನು ಎಲ್ಲಿ ಹತ್ತಿದ್ದೆ? ಮಂಡಿ ಕೈಕೊಟ್ಟ ಮೇಲೆ ಸರ್ಕಲ್ಲಿನ ಟೀ ಅಂಗಡಿ ಬೆಂಚೇ ನನ್ನ ಕಚೇರಿಯಾಗಿತ್ತು. ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರ್ ಇಳಿದು ಓಡಿಬಂದು ತುಂಬಿಸಿಟ್ಟ ಕಾಗದ ಚಾಚುತ್ತಿದ್ದ, "ಎಲ್ಲಾ ಸರಿಯಿದೆ ಸಾರ್" ಎನ್ನುತ್ತಿದ್ದ. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಪೆನ್ನು. ಸಹಿ ಗೀಚಿ ಕಳಿಸುತ್ತಿದ್ದೆ. ನಾನೊಬ್ಬನೇ ಅಲ್ಲ, ವಯಸ್ಸಾದ ಇನ್‌ಸ್ಪೆಕ್ಟರುಗಳೆಲ್ಲ ಮಾಡುವುದೇ ಹಾಗೆ. ಎಲ್ಲರಿಗೂ ಗೊತ್ತು, ಯಾರೂ ಕೇಳುವುದಿಲ್ಲ. ಕಾಗದದಲ್ಲಿ ಇಪ್ಪತ್ತೇಳು ಅಂತಿತ್ತು, ನಾನು ಇಪ್ಪತ್ತೇಳಕ್ಕೆ ಸಹಿ ಹಾಕಿದೆ. ತಲೆ ಎತ್ತಿದ್ದರೆ ಸಾಕಿತ್ತು, ಕರಿ ಹೊಗೆ ಉಗುಳುತ್ತ ನಿಂತಿದ್ದ ಡೀಸೆಲ್ ಬಸ್ಸು ಕಾಣುತ್ತಿತ್ತು. ಮೇಸ್ತ್ರಿ ಕಂಡುಹಿಡಿಯಬೇಕಾಗಿರಲಿಲ್ಲ. ಮೇಸ್ತ್ರಿ ಸಾಯಬೇಕಾಗಿರಲಿಲ್ಲ.

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ಆ ವಯಸ್ಸಿನಲ್ಲಿ ಹಾಗೆ ನಾಚಿಕೆಯಾಗುವುದು ಒಳ್ಳೆಯದಲ್ಲ, ಎದೆಗೆ ಹತ್ತುತ್ತದೆ.

"ಇಷ್ಟೊಂದು ಇನ್‌ಸ್ಪೆಕ್ಟರ್‌ಗಳಿರುವಾಗ, ಈ ವಿಚಾರಣೆಗೆ ನಿನ್ನನ್ನೇ ಯಾಕೆ ಹಾಕಿದ್ರು ಅಂದ್ಕೊಂಡೆ?" ಎಂದು ಮ್ಯಾನೇಜರ್ ಮೆಲ್ಲಗೆ ಕೇಳಿದ.

ಹೆಡ್ಡಾಫೀಸಿನ ಚೀಫ್ ಸಾಹೇಬರು ಸ್ವತಃ ಕರೆದು ಹೇಳಿದ್ದರು. "ನಿಮ್ಮಂಥ ಹಿರಿಯರು ಬೇಕು" ಎಂದಿದ್ದರು. ನಾನು ಮನೆಗೆ ಹೋಗಿ ಹೆಂಡತಿಯ ಮುಂದೆ ಅದನ್ನು ಎರಡು ಸಲ ಹೇಳಿ ಹಿಗ್ಗಿದ್ದೆ. ಮುಠ್ಠಾಳ!

"ಇಪ್ಪತ್ತೇಳು ಓಡ್ತಿರಲಿಲ್ಲ ಅಂತ ನೀನು ಬರೆದ ತಕ್ಷಣ, ಹತ್ತಿ ನೋಡಿದೀನಿ ಅಂತ ಹದಿನಾಲ್ಕು ಸಲ ಬರೆದೋನು ಯಾರು ಅಂತ ಕೇಳ್ತಾರೆ. ಪೆನ್ಷನ್ ಹೋಗುತ್ತೆ. ಕೇಸೂ ಆಗಬಹುದು." ಅವನು ಕಾಗದಗಳನ್ನು ಮತ್ತೆ ಜೋಡಿಸಿದ. "ಸದ್ದಿಲ್ಲದ ಬಸ್ಸು, ಕೇಳಿಸಲಿಲ್ಲ, ಹೋದ. ಹಾಗಂತ ಬರೆದು ಕೈ ತೊಳ್ಕೋ. ಬೇಡ್ಕೋತೀನಿ ಕಣೋ."

"ಅವಳು?"

ಅವನು ಕಟ್ಟನ್ನು ಖಾನೆಗೆ ಹಾಕಿ ಬೀಗ ತಿರುಗಿಸಿದ. ಶಾಲೆಯ ಗಂಟೆ ಹೊಡೆಯಿತು, ಮಕ್ಕಳು ಒಳಗೆ ಓಡಿದರು.

* * *

ಇಳಿಯುವಾಗ ಮೆಟ್ಟಿಲುಗಳನ್ನು ಬೈಯಲಿಲ್ಲ. ಬೈಯಬೇಕಾದವನು ಯಾರೆಂದು ಗೊತ್ತಾಗಿತ್ತು.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಡ್ರೈವರಮ್ಮ ಕೂತಿದ್ದಳು. ಅಮಾನತಾಗಿ ಮೂರು ದಿನವಾದರೂ ಸಮವಸ್ತ್ರ ಹಾಕಿಕೊಂಡೇ ಬರುತ್ತಿದ್ದಳು. ತೊಡೆಯ ಮೇಲೆ ಊಟದ ಡಬ್ಬಿ, ಮುಚ್ಚಳ ತೆರೆದಿರಲಿಲ್ಲ. ಗಂಡ ಹೋದ ಮೇಲೆ ಕಂಡಕ್ಟರ್ ಆಗಿದ್ದವಳು, ಎಲೆಕ್ಟ್ರಿಕ್ ಬಸ್ಸು ಬಂದಾಗ ತಾನೇ ಮುಂದೆ ಬಂದು ಸ್ಟೇರಿಂಗ್ ಹಿಡಿಯಲು ಕಲಿತವಳು. ಅವಳಿಗೆ ಆ ಧೈರ್ಯ ತುಂಬಿದವನೇ ಮೇಸ್ತ್ರಿ. ಮಗಳೇ ಮಗಳೇ ಎಂದು ಡಿಪೋ ತುಂಬ ಕರೆದುಕೊಂಡು ತಿರುಗುತ್ತಿದ್ದ.

"ಮನೇಲಿರಬಾರದೇನಮ್ಮಾ?"

"ಮನೇಲಿದ್ರೆ ತಲೆ ಕೆಡುತ್ತೆ ಸಾರ್. ಮಕ್ಕಳು ಕೇಳ್ತವೆ, ಡ್ಯೂಟಿಗೆ ಯಾಕೆ ಹೋಗಲ್ಲ ಅಂತ."

ಅವಳ ಪಕ್ಕ ಕೂತೆ. ಒಳಗೆ ಒಂದು ಬಸ್ಸು ಸದ್ದಿಲ್ಲದೆ ತಿರುಗಿ ಚಾರ್ಜಿಂಗ್ ಕಂಬದ ಹತ್ತಿರ ನಿಂತಿತು. ಹೆಂಡತಿಗೆ ಏನು ಹೇಳಲಿ, ಮಗನಿಗೆ ಏನು ಹೇಳಲಿ, ಪೆನ್ಷನ್ ಇಲ್ಲದೆ ಮಾತ್ರೆ ಔಷಧಕ್ಕೆ ಯಾರ ಮುಂದೆ ಕೈ ಚಾಚಲಿ ಎಂದೆಲ್ಲ ಯೋಚಿಸಿದೆ. ಯೋಚಿಸಿ ಯೋಚಿಸಿ ಸಾಕಾಯಿತು. ಈ ಮೂರು ದಿನದಲ್ಲಿ ಈ ಹೆಣ್ಣುಮಗಳ ಕೆನ್ನೆ ಒಳಗೆ ಹೋಗಿಬಿಟ್ಟಿತ್ತು. ಅದನ್ನು ನೋಡಿಕೊಂಡು ಸುಳ್ಳು ಬರೆಯುವುದು ನನ್ನಿಂದ ಆಗುವುದಿಲ್ಲ ಅನ್ನಿಸಿತು.

"ಕೇಳಮ್ಮಾ. ನಾಳೆ ನಿನಗೇನೂ ಆಗಲ್ಲ. ಇಪ್ಪತ್ತೇಳು ಆರು ತಿಂಗಳಿಂದ ನಿಂತಲ್ಲೇ ನಿಂತಿದೆ. ಅದನ್ನ ನೀನು ಓಡಿಸೋಕೆ ಸಾಧ್ಯವೇ ಇರಲಿಲ್ಲ. ಹಾಗಂತ ಬರೀತೀನಿ. ನಾನೂ ಸುಳ್ಳು ಸಹಿ ಹಾಕಿದೀನಿ, ಅದನ್ನೂ ಬರೀತೀನಿ. ನನಗಾಗೋದು ಆಗಲಿ."

ಅವಳು ಅಳಬಹುದು, ಕೈ ಮುಗಿಯಬಹುದು ಎಂದುಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ, ಕೈ ಮುಗಿಯಲಿ ಎಂಬ ಆಸೆಯೂ ಇತ್ತು. ಅವಳು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡ ಸಾರ್. ದಮ್ಮಯ್ಯ, ಬರೀಬೇಡಿ."

"ಏನಂದೆ?"

"ಇಪ್ಪತ್ತೇಳು ಅಂತಲೇ ಇರಲಿ."

"ತಲೆಗಿಲೆ ಕೆಟ್ಟಿದೆಯಾ? ಜೈಲಿಗೆ ಹಾಕ್ತಾರಮ್ಮಾ!"

"ಇಪ್ಪತ್ತೇಳು ಅಂದ್ರೆ ಸದ್ದಿಲ್ಲದ ಬಸ್ಸು, ಗೊತ್ತಾಗದೆ ಆಯ್ತು ಅಂತಾರೆ. ವರ್ಷವೋ ಎರಡು ವರ್ಷವೋ. ಅದಲ್ಲ ಅಂತ ನೀವು ಬರೆದ್ರೆ, ಹಾಗಾದ್ರೆ ಯಾವ ಬಸ್ಸು ಅಂತ ಕೇಳ್ತಾರಲ್ಲ ಸಾರ್?" ಅವಳು ದನಿ ತಗ್ಗಿಸಿದಳು. "ಒಂಬತ್ತನೇ ನಂಬರ್ ಡೀಸೆಲ್ ಬಸ್ಸು. ಆರು ತಿಂಗಳಿಂದ ನಾನು ಓಡಿಸ್ತಿರೋದು ಅದನ್ನೇ. ಅವತ್ತೂ ಅದನ್ನೇ. ಮೇಸ್ತ್ರಿ ಮೇಲೆ ಹತ್ತಿದ್ದು ಅದೇ. ಹತ್ತಿಸಿದ್ದು ನಾನೇ."

ನಾನು ಎದ್ದುಬಿಟ್ಟೆ. ಮಂಡಿಯ ನೋವು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಡರ್ರೋ ಅನ್ನೋ ಬಸ್ಸು ಸಾರ್ ಅದು. ಅರ್ಧ ಮೈಲಿ ದೂರಕ್ಕೆ ಕೇಳುತ್ತೆ. ಕೇಳಿಸಲಿಲ್ಲ ಅಂದ್ರೆ ಯಾರು ನಂಬ್ತಾರೆ? ಬೇಕಂತಲೇ ಹತ್ತಿಸಿದಾಳೆ ಅಂತಾರೆ. ಆಗ ಜೀವಮಾನವಿಡೀ ಒಳಗೆ. ನನ್ನ ಮಕ್ಕಳು ಬೀದೀಲಿ."

"ಅವನು ಅಡಿಯಲ್ಲಿರೋದು ನಿನಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು. ಹಿಂದಿನ ಟೈರ್ ನೋಡ್ತೀನಿ ಮಗಳೇ, ಇಂಜಿನ್ ಆರಿಸಬೇಡ, ಆರಿಸಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಅಂದ್ರು. ನಾನು ಸೀಟಿನಲ್ಲೇ ಕೂತಿದ್ದೆ. ಕೆಳಗೆ ಹೋದೋರು ಎದ್ದು ಬಂದು ಬಸ್ಸಿನ ಮೈಗೆ ಎರಡು ಸಲ ತಟ್ಟೋ ತನಕ ಗೇರ್ ಮುಟ್ಟಬಾರದು. ಅದನ್ನ ನನಗೆ ಕಲಿಸಿದ್ದೇ ಅವರು."

ಅದು ಡಿಪೋದ ಹಳೆಯ ಕಟ್ಟಳೆ. ಎಲ್ಲೂ ಬರೆದಿಲ್ಲ, ಯಾರೂ ಮುರಿಯುವುದಿಲ್ಲ. ಬಸ್ಸಿನ ಅಡಿಗೆ ಯಾರು ಹೋದರೋ ಅವರೇ ತಟ್ಟಬೇಕು. ಒಂದು ಏಟು ಅಂದರೆ ನಿಲ್ಲು, ಎರಡು ಅಂದರೆ ಹೊರಡು. ಬೇರೆಯವರು ತಟ್ಟುವುದೆಂದರೆ ಕೊಲೆ ಮಾಡಿದ ಹಾಗೆ.

"ತಟ್ಟಿದ್ದು ಕೇಳಿಸ್ತಾ?"

"ಎರಡು ಸಲ. ಗಟ್ಟಿಯಾಗಿ. ರಿವರ್ಸ್ ಹಾಕ್ದೆ." ಅವಳು ಕಣ್ಣು ಮುಚ್ಚಿದಳು. "ಆಮೇಲೆ ಮೇಸ್ತ್ರಿ ಕೂಗಿದ್ದು ಕೇಳಿಸ್ತು. ಚಕ್ರದ ಅಡಿಯಿಂದ."

ಅಡಿಯಲ್ಲಿ ಮಲಗಿದ್ದವನು ಬಸ್ಸಿನ ಪಕ್ಕಕ್ಕೆ ಬಂದು ಹೇಗೆ ತಟ್ಟುತ್ತಾನೆ?

"ಹಾಗಾದ್ರೆ ತಟ್ಟಿದ್ದು ಯಾರು?"

ಅವಳು ಹಿಂತಿರುಗಿ ಡಿಪೋದ ಕಡೆ ನೋಡಿದಳು.

"ಕನ್ನಡಿಯಲ್ಲಿ ನೋಡಿದೆಯಾ?"

"ನೋಡ್ದೆ. ಕೂಗು ಕೇಳಿ ಬ್ರೇಕ್ ಒತ್ತಿ ನೋಡ್ದೆ. ಬಸ್ಸಿಗೆ ಆನಿಸಿದ ಕೈ ಇನ್ನೂ ಕೆಳಗಿಳಿಸಿರಲಿಲ್ಲ. ಆಮೇಲೆ ಅವರೇ ನನ್ನ ಕಿಟಕಿ ಹತ್ರ ಬಂದು, ಹೆದರಬೇಡ, ಇಪ್ಪತ್ತೇಳು ಅಂತ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ ಅಂದ್ರು. ತಂದೆ ಹಾಗೆ ಮಾತಾಡಿದ್ರು ಸಾರ್."

"ಯಾರಮ್ಮಾ ಅದು? ಹೆಸರು ಹೇಳು. ನಾನಿದೀನಿ."

ಅವಳು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದಳು.

"ನಾಳೆ ನೀವು ಬರೆದ ವರದೀನ ಯಾರ ಕೈಗೆ ಕೊಡ್ತೀರಾ ಸಾರ್?"

"ಚೀಫ್ ಸಾಹೇಬರ ಕೈಗೆ."

"ತಟ್ಟಿದ್ದು ಆ ಕೈನೇ."